ಬಿಸಿನೀರಿನ ಹುಲ್ಲನ್ನು ನಂಬಿದ ಹುಲ್ಲಕ್ಕ

ಕಡಲಹುಲ್ಲಿನ ಅಧ್ಯಯನವೆಂದರೆ ಅಂಕಿಅಂಶ ಕಲೆಹಾಕಿ ಕಪಾಟಿಗೆ ಸೇರಿಸುವುದೆಂದೇ ಭಾವಿಸಿದ್ದ ಕಾಲದಲ್ಲಿ, ಸತ್ತ ಕಡಲತಳದಲ್ಲಿ ಹುಲ್ಲನ್ನು ಮತ್ತೆ ಬೆಳೆಸಬಹುದೆಂದು ಸ್ವತಃ ನೆಟ್ಟು ತೋರಿಸಿದ ಕೆಲವೇ ವಿಜ್ಞಾನಿಗಳಲ್ಲಿ, ಈ ತಿಂಗಳು ನಮ್ಮ ಪ್ರಯೋಗಾಲಯದಿಂದ ನಿವೃತ್ತರಾಗುತ್ತಿರುವ ಹಿರಿಯರು ಅಗ್ರಗಣ್ಯರು. ದೋಣಿಯವರಿಂದ ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವರು ‘ಹುಲ್ಲಕ್ಕ’. ಈ ಬಿರುದನ್ನು ದಯಪಾಲಿಸಿದವರು ಪ್ರಯೋಗಾಲಯದ ಎದುರಿನ ಕೊಲ್ಲಿಯಲ್ಲಿ ಏಡಿ ಹಿಡಿಯುವ ಅವರ ಸ್ವಂತ ಅಣ್ಣ. “ಇಷ್ಟೆಲ್ಲಾ ಓದಿ ಕೊನೆಗೆ ಹುಲ್ಲು ಕೀಳೋಕೆ ಹೋದ್ಳು” ಎಂದು ಅವರು ಊರೆಲ್ಲ ಹೇಳಿಕೊಂಡು ತಿರುಗಿದ್ದರು.

ನಮ್ಮ ಕೊಲ್ಲಿಯ ಬಾಯಿ ಕಿರಿದು, ಆಳವೂ ಕಡಿಮೆ. ಹೊರಗಿನ ಸಾಗರ ಬೆಚ್ಚಗಾಗುವ ಮೊದಲೇ ಇದು ಕಾಯತೊಡಗುತ್ತದೆ. ಹುಲ್ಲಕ್ಕ ಕೆಲಸಕ್ಕೆ ಸೇರಿದಾಗ ದೋಣಿಯಿಂದ ಬಗ್ಗಿ ನೋಡಿದರೆ ತಳವೆಲ್ಲ ಹಸಿರಾಗಿತ್ತು. ಒಂದರ ಬೆನ್ನಿಗೊಂದು ಬಂದ ಬಿರುಬೇಸಿಗೆಗಳಿಗೆ ಅದು ಕೊಳೆತು ಬರಿಯ ಕೆಸರು ಉಳಿಯಿತು. ಏಡಿ, ಸಿಗಡಿಗಳ ಮರಿಗಳು ಅಡಗಿ ಬೆಳೆಯುವುದೇ ಆ ಹುಲ್ಲಿನಲ್ಲಿ. ಅಣ್ಣನ ಬುಟ್ಟಿ ಬರಿದಾಗುತ್ತ ಬಂದಂತೆ ತಮಾಷೆಯೂ ನಿಂತಿತು. ಒಂದು ಸಂಜೆ ತಂಗಿಯ ಅಡುಗೆಮನೆಯಲ್ಲಿ ಕುಳಿತು, “ದೋಣಿ ಮಾರಿಬಿಡ್ಲಾ? ನೀನು ಹೇಳ್ದಂಗೆ ಮಾಡ್ತೀನಿ” ಎಂದರಂತೆ.

“ಮೂರು ವರ್ಷ ತಡ್ಕೋ” ಎಂದುಬಿಟ್ಟರು ತಂಗಿ. ಅಷ್ಟರೊಳಗೆ ಹುಲ್ಲನ್ನು ಮತ್ತೆ ನೆಟ್ಟು ಬೆಳೆಸಬಹುದೆಂಬುದು ಅವರ ಲೆಕ್ಕ.

ಮರುನಾಟಿಗೆ ಹುಲ್ಲನ್ನು ಎಲ್ಲಿಂದ ತರುವುದೆಂಬ ಸಭೆಯಲ್ಲಿ ಎಲ್ಲರ ಕಣ್ಣು ಕೊಲ್ಲಿಯ ಬಾಯಿಯ ತಂಪು ನೀರಿನಲ್ಲಿ ಸೊಂಪಾಗಿ ಬೆಳೆದ ಕಡುಹಸಿರು ಹುಲ್ಲಿನ ಮೇಲಿತ್ತು. ಹುಲ್ಲಕ್ಕನವರಾದರೋ, ಕಾಲಿಟ್ಟರೆ ಹಿಂದಕ್ಕೆಳೆದುಕೊಳ್ಳಬೇಕಾದಷ್ಟು ಬಿಸಿಯಾದ ಮೂಲೆಯೊಂದರಿಂದ ಕಿತ್ತು ತಂದ ಕುಳ್ಳಗಿನ, ಹಳದಿ ತಿರುಗಿದ ಹುಲ್ಲನ್ನು ತಟ್ಟೆಯಲ್ಲಿಟ್ಟು ಮೇಜಿನ ಮೇಲೆ ಸರಿಸಿದರು.

“ಇದು ಹುಲ್ಲೋ, ಸವೆದ ಪೊರಕೆಯೋ?” ಎಂದರು ನಿರ್ದೇಶಕರು.

“ಬಿಸಿನೀರಲ್ಲೇ ಹುಟ್ಟಿ ಬೆಳೆದಿದ್ದು ಸಾರ್. ಚೆಂದ ನೋಡಿ ಆರಿಸೋಕೆ ಇದೇನು ಕಿಟಕಿ ಪರದೆನಾ?”

ಕೊನೆಗೆ ಅರ್ಧ ಜಾಗದಲ್ಲಿ ಅದು, ಅರ್ಧದಲ್ಲಿ ಇದು ಎಂದು ತೀರ್ಮಾನವಾಯಿತು. ತಮ್ಮ ವಾದಕ್ಕೆ ವಿರುದ್ಧವಾದ ಆ ಸೊಂಪು ಹುಲ್ಲನ್ನೂ ಹುಲ್ಲಕ್ಕ ಅಷ್ಟೇ ಅಕ್ಕರೆಯಿಂದ, ಬುಡ ಬುಡವಾಗಿ, ತಮ್ಮ ಕೈಯಾರೆ ನೆಟ್ಟರು.

ಈ ಸಾಲುಗಳ ಲೇಖಕ ಅವರ ಶಿಷ್ಯನಾಗಿ ಸೇರಿದ್ದು ಆಗಲೇ. ತಾಯಿ ಆಸ್ಪತ್ರೆಯಲ್ಲಿದ್ದ ತಿಂಗಳು ನೀರಿಗಿಳಿದು ಹುಲ್ಲು ನೋಡಿಕೊಳ್ಳುವ ಅವನ ಪಾಲಿನ ಸರದಿಗಳನ್ನೆಲ್ಲ ಅವರೇ ಮಾಡಿದರು; ವರದಿಯ ಬಗ್ಗೆ ಕೇಳಲು ಬಾಯಿ ತೆರೆದವನಿಗೆ, “ಅಮ್ಮ ಊಟ ಮಾಡಿದ್ರಾ? ಅದು ಹೇಳು ಮೊದ್ಲು” ಎಂದರು. ಅವರಿಗೆ ಕೋಪವೇ ಬಾರದೆಂದು ಈ ಅಭಿನಂದನ ಗ್ರಂಥದ ಮರ್ಯಾದೆಗಾಗಿ ಬರೆಯಬಹುದಿತ್ತು. ಬರೆದರೆ ಪ್ರಯೋಗಾಲಯದವರೆಲ್ಲ ಬಿದ್ದು ಬಿದ್ದು ನಕ್ಕಾರು. ಉಪಕರಣ ತೊಳೆಯದೆ ಇಟ್ಟವರು ಅವರ ಕಣ್ಣಿಗೆ ಬೀಳದಿರುವುದೇ ಕ್ಷೇಮವಾಗಿತ್ತು.

ನಾಟಿಯ ನಂತರದ ಮೂರನೆಯ ಬೇಸಿಗೆ ಹಿಂದಿನವನ್ನೆಲ್ಲ ಮೀರಿಸಿತು. ಸತ್ತ ಮೀನುಗಳು ದಡಕ್ಕೆ ಬಂದು ಬಿದ್ದವು. ಹೆದರಿಕೊಂಡೇ ಕೆಳಗಿಳಿದ ನಮಗೆ ಸೊಂಪು ಹುಲ್ಲಿನ ಅರ್ಧವೆಲ್ಲ ಲೋಳೆಯಾಗಿ ಕೈಗಂಟಿತು. ಅದರಾಚೆ ಕುಳ್ಳ ಹುಲ್ಲು, ತುದಿ ಕಂದಿದ್ದರೂ, ಬೇರೂರಿ ನಿಂತಿತ್ತು. ನಡುವೆ ಹೊಸ ಚಿಗುರೂ ಇತ್ತು. ಮೇಲೆ ಬಂದು ಕುಣಿದಾಡಿದೆವು. ಹುಲ್ಲಕ್ಕ ಮಾತ್ರ ದೋಣಿಯ ಅಂಚು ಹಿಡಿದು ಅಳುತ್ತಿದ್ದರು.

“ಗೆದ್ರಲ್ಲ ಮೇಡಂ, ಅಳ್ತೀರಲ್ಲ?”

“ಆ ಕಡೆದನ್ನೂ ನಾನೇ ನೆಟ್ಟಿದ್ದಲ್ವೇನೋ.”

ಅವರ ಮೇಲೆ ನಮಗಿದ್ದ ಗೌರವ ಆ ದಿನದಿಂದ ಪ್ರೀತಿಯೂ ಆಯಿತು.

ಇಂದು ಆ ಕುಳ್ಳ ಹುಲ್ಲಿನ ಹಾಸು ಕೊಲ್ಲಿಯ ಅರ್ಧಕ್ಕೆ ಹಬ್ಬಿದೆ, ಏಡಿಮರಿಗಳು ಮರಳಿವೆ. ನೀರಿನ ಕಾವು ಇಳಿದಿಲ್ಲವೆಂಬುದನ್ನೂ, ಈ ಹುಲ್ಲಿನ ತಾಳ್ಮೆಗೂ ಒಂದು ಮಿತಿಯಿದೆಯೆಂಬುದನ್ನೂ ಹುಲ್ಲಕ್ಕ ಎಂದೂ ಮುಚ್ಚಿಟ್ಟವರಲ್ಲ. ಇನ್ನೂ ಹೆಚ್ಚಿನ ಬಿಸಿಗೆ ಜಗ್ಗದ ತಳಿಯನ್ನು ಅವರು ಈಗಾಗಲೇ ಹುಡುಕುತ್ತಿದ್ದಾರೆ, ಸಿಕ್ಕೇ ಸಿಗುತ್ತದೆಂದು ನಂಬಿದ್ದಾರೆ. ನಾವೂ ನಂಬಿದ್ದೇವೆ.

ನಿವೃತ್ತಿಯ ಆದೇಶ ಬಂದ ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಕಟ್ಟೆಗೆ ಅವರ ಅಣ್ಣ ದೋಣಿ ತಂದು ನಿಲ್ಲಿಸಿದರು. ಮಾರದೆ ಉಳಿದ ದೋಣಿ. ಹೊಸ ಬಣ್ಣ ಬಳಿದಿದ್ದರು. “ಆಫೀಸಿನ ದೋಣಿ ಇನ್ಮೇಲೆ ನಿಂಗೆ ಕೊಡಲ್ವಂತೆ. ಹತ್ತು, ಎಲ್ಲಿಗೆ ಹೋಗ್ಬೇಕು ಹೇಳು” ಎಂದರು. ಹುಲ್ಲಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿಯೇಬಿಟ್ಟರು.

ಅವರು ನೂರು ಬೇಸಿಗೆಗಳನ್ನು ಆರೋಗ್ಯದಿಂದ ಕಾಣಲಿ. ಒಂದೊಂದು ಬೇಸಿಗೆಯಲ್ಲೂ ಆ ದೋಣಿಗೆ ಕೈತುಂಬ ಕೆಲಸವಿರಲಿ.