ನೆಟ್‌ವರ್ಕ್ ಕಾರ್ಡಿನ ಕೀ ಯಾರ ಜೇಬಲ್ಲಿ?

ಕಳೆದ ವಾರ ತಿಂಡಿ ತಿನ್ನುತ್ತಲೇ ನಮ್ಮ ಯಜಮಾನರು ತೀರ್ಪು ಕೊಟ್ಟರು. "ಭಾನುವಾರ ರಮೇಶ ಬರ್ತಾನೆ. ನಿನ್ ಲಿನಕ್ಸ್ ತೆಗ್ದು ಫಾರ್ಮ್ಯಾಟ್ ಮಾಡಿಸ್ಬಿಡ್ತೀನಿ."

ರಮೇಶ ಅಂದರೆ ಅವರ ಚಿಕ್ಕಪ್ಪನ ಮಗ. ಕಂಪ್ಯೂಟರಿಗೆ ನೆಗಡಿಯಾದರೂ ಫಾರ್ಮ್ಯಾಟ್, ಜ್ವರ ಬಂದರೂ ಫಾರ್ಮ್ಯಾಟ್, ಅಂದರೆ ಇರುವುದನ್ನೆಲ್ಲ ಅಳಿಸಿಬಿಡು, ಎನ್ನುವ ವೈದ್ಯ.

ಹೊಸಕೋಟೆಯ ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಅದೂ ಭಾಗವಾಗಿದೆ. ಅರ್ಧ ಡಿಸ್ಕಿನಲ್ಲಿ ಅವರು ದುಡ್ಡು ಕೊಟ್ಟು ತಂದ ಸಿಸ್ಟಮ್ (ಹೆಸರು ಬೇಡ, ನಿಮಗೆ ಗೊತ್ತು). ಇನ್ನರ್ಧ ನನ್ನ ಲಿನಕ್ಸ್, ಪುಕ್ಕಟೆ ಸಿಗುವ ಸಿಸ್ಟಮ್. ಈ ಅಂಕಣ, ನಾನು ಪುಟ ಕಟ್ಟಿಕೊಡುವ ಪುಸ್ತಕಗಳು, ಎಲ್ಲ ಅಲ್ಲೇ. ಆ ಅರ್ಧ ಹೋದರೆ ನನ್ನ ಕೆಲಸವೇ ಹೋದ ಹಾಗೆ.

ತಕರಾರು ಇಷ್ಟೇ. ಬೆಳಿಗ್ಗೆ ನಾನು ಲಿನಕ್ಸ್ ಶುರು ಮಾಡಿದರೆ ಇಂಟರ್ನೆಟ್ ಇಲ್ಲ. ಇಂಟರ್ನೆಟ್ ತರುವ ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂ ಕ್ರ್ಯಾಶ್ ಆಗಿ ಬಿದ್ದಿರುತ್ತಿತ್ತು.

"ಪುಕ್ಸಟ್ಟೆ ಸಿಸ್ಟಮ್ಮು ಕಣೆ. ನನ್ ಕಡೆ ನೋಡು, ಒಂದಿನ ಕೈ ಕೊಟ್ಟಿದ್ಯಾ?" ಎನ್ನುತ್ತಿದ್ದರು.

ನಾನು ಬಿಡುವವಳಾ? ಲಿನಕ್ಸಿನಲ್ಲಿ ಒಂದು ಸುಖವಿದೆ. ಏನಾಯಿತು ಅಂತ ಅದೇ ಬರೆದಿಟ್ಟಿರುತ್ತದೆ, ಓದುವ ತಾಳ್ಮೆ ಬೇಕು ಅಷ್ಟೆ. ಓದಿದೆ. ಕಾರ್ಡು ನಿದ್ದೆಯಲ್ಲಿದೆ, ಎಬ್ಬಿಸಿದರೂ ಏಳುತ್ತಿಲ್ಲ ಅಂತಿತ್ತು. ಮಲಗಿಸಿದ್ದು ಯಾರು? ನಾನಂತೂ ಅಲ್ಲ.

ಆಮೇಲೆ ಹೊಳೆಯಿತು. ಯಜಮಾನರು ಊರಲ್ಲಿಲ್ಲದಾಗ ಎಲ್ಲ ಸರಿ ಇರುತ್ತಿತ್ತು. ಅವರು ಸಂಜೆ ತಮ್ಮ ಕಡೆ ಕೆಲಸ ಮುಗಿಸಿ ಶಟ್‌ಡೌನ್ ಕೊಟ್ಟ ಮರುದಿನ ಮಾತ್ರ ಈ ಕಾಟ. ಹುಡುಕಿ ನೋಡಿದರೆ, ಅವರ ಸಿಸ್ಟಮ್ ಪೂರ್ತಿ ಶಟ್‌ಡೌನ್ ಆಗುವುದೇ ಇಲ್ಲ! ಮರುದಿನ ಬೇಗ ಏಳಬೇಕು ಅಂತ ಅರೆನಿದ್ದೆಯಲ್ಲಿ ಮಲಗುತ್ತದೆ, ಇಬ್ಬರಿಗೂ ಇರುವ ಒಂದೇ ಕಾರ್ಡನ್ನೂ ಜೊತೆಗೆ ಮಲಗಿಸಿಕೊಂಡು. ಅದಕ್ಕೆ 'ಫಾಸ್ಟ್ ಸ್ಟಾರ್ಟಪ್' ಅಂತ ಚಂದದ ಹೆಸರು ಬೇರೆ. ಖಾತ್ರಿಗೆ ಒಂದು ದಿನ ಅವರ ಕಡೆಯಿಂದ ಶಟ್‌ಡೌನ್ ಬದಲು ರೀಸ್ಟಾರ್ಟ್ (ಅದರಲ್ಲಿ ಅರೆನಿದ್ದೆ ಇಲ್ಲ) ಕೊಟ್ಟು ನನ್ನ ಕಡೆಗೆ ಬಂದೆ. ಇಂಟರ್ನೆಟ್ ಸಲೀಸಾಗಿ ಬಂತು.

ಶನಿವಾರ ತಿಂಡಿಗೆ ಕೂತಾಗ ಹೇಳಿದೆ. "ರೀ, ನಿಮ್ ಸೈಡಲ್ಲಿ ಫಾಸ್ಟ್ ಸ್ಟಾರ್ಟಪ್ ಮುಂದಿರೋ ಟಿಕ್ ತೆಗೀಬೇಕು."

"ನನ್ ಸೈಡಿಗ್ಯಾಕೆ ಕೈ ಹಾಕ್ತೀಯಾ? ಕೆಟ್ಟಿರೋದು ನಿಂದು."

"ಜಡಿಗೇನಹಳ್ಳಿ ಬೋರ್‌ವೆಲ್ ಕತೆ ಏನ್ರೀ ಹಂಗಾದ್ರೆ?" ಅಂದೆ. ಅಲ್ಲಿ ನಮ್ಮವರ ಮನೆತನದ ಜಮೀನು ಅಣ್ಣತಮ್ಮಂದಿರಿಗೆ ಭಾಗವಾದರೂ ಬೋರ್‌ವೆಲ್ ಜಂಟಿ. ನಮ್ಮ ಭಾವನವರು ತಮ್ಮ ಸರದಿ ಮುಗಿಸಿ, ಮೋಟಾರಿನ ಸ್ಟಾರ್ಟರ್ ಬಾಕ್ಸಿಗೆ ಬೀಗ ಜಡಿದು, ಕೀ ಜೇಬಲ್ಲಿಟ್ಟುಕೊಂಡು ಮನೆಗೆ ಹೋಗಿಬಿಡುತ್ತಾರೆ. ನಾಳೆ ಮತ್ತೆ ಬರಬೇಕಲ್ಲ, ಅದಕ್ಕೆ. ನಮ್ಮವರು ಬೀಗದ ಮುಂದೆ ನಿಂತು ಅಣ್ಣನಿಗೆ ಸಹಸ್ರನಾಮ ಮಾಡುತ್ತಾರೆ.

"ನಿಮ್ ಸಿಸ್ಟಮ್ಮೂ ಕೀ ಜೇಬಲ್ಲಿಟ್ಕೊಂಡೇ ಮಲ್ಗೋದು. ನೀರು ಬರ್ಲಿಲ್ಲ ಅಂತ ನಿಮ್ ಭಾಗದ ಜಮೀನು ಅಣ್ಣನಿಗೇ ಬರ್ಕೊಡ್ತೀರಾ?"

ದೋಸೆ ಮುಗಿಸಿದರು. ಆಮೇಲೆ ಎದ್ದು ಹೋಗಿ ತಾವೇ ಟಿಕ್ ತೆಗೆದರು. ತಪ್ಪು ನಂದು ಅನ್ನಲಿಲ್ಲ. "ಇನ್ಮೇಲೆ ಆನ್ ಆಗೋದು ಲೇಟು" ಅಂದರು, ಅಷ್ಟೆ. ಆಗಲಿ ಬಿಡಿ, ಅಷ್ಟರಲ್ಲಿ ಒಂದು ಲೋಟ ನೀರು ಕುಡಿಯಬಹುದು.

ರಮೇಶ ಭಾನುವಾರ ಬಂದ. ಮುದ್ದೆ ಸಾರು ಉಂಡು ಹೋದ. ನನ್ನ ಅರ್ಧ ನನ್ನ ಹತ್ತಿರವೇ ಇದೆ, ಇಂಟರ್ನೆಟ್ಟೂ ಇದೆ. ಗೆದ್ದ ಖುಷಿ ಇದೆ, ಮುಚ್ಚಿಡುವುದೇಕೆ?

ಒಂದು ಮಾತ್ರ ತಲೆಯಿಂದ ಹೋಗುತ್ತಿಲ್ಲ. ದೋಷ ಇದ್ದದ್ದು ಅವರ ಕಡೆ, ಅಳಿಸಲು ಹೊರಟಿದ್ದು ನನ್ನ ಕಡೆ. ನಿಮ್ಮ ಮನೆಯಲ್ಲಿ ಹೇಗೆ?