ಮರೆಯದ ತಾಮ್ರದ ಪಟ್ಟಿ

ನನ್ನ ಅವ್ವನಿಗೆ ಏನು ಹೇಳಬೇಕೋ ನನಗಂತೂ ಇವತ್ತಿಗೂ ತಿಳಿದಿಲ್ಲ. ಕೊಳ್ಳೇಗಾಲದ ಕಾಲೇಜಿನಲ್ಲಿ ಪಾಠ ಮಾಡಿಕೊಂಡೇ ಪಿಎಚ್.ಡಿ.ಗೆ ಒದ್ದಾಡುತ್ತಿದ್ದೆ. ತಾಮ್ರಕ್ಕೆ ಅಲ್ಯೂಮಿನಿಯಂ ಬೆರೆಸಿದ ಒಂದು ಲೋಹ ನನ್ನ ವಿಷಯ. ಅದರ ಪಟ್ಟಿಯನ್ನು ಬಗ್ಗಿಸಿ ಬಿಸಿ ಮಾಡಿದರೆ ಹಳೆಯ ಆಕಾರ ನೆನಪಿಸಿಕೊಂಡು ತಾನೇ ನೆಟ್ಟಗಾಗುತ್ತದೆ. ಆದರೆ ಕುಲುಮೆಯಲ್ಲಿ ಬಹಳ ಹೊತ್ತು ಕಾಯಿಸಿದರೆ ಒಳಗಿನ ಸೂಜಿಯಂಥ ರಚನೆ ಕೆಟ್ಟು ನೆನಪೆಲ್ಲ ಮಂಗಮಾಯ. ಎಷ್ಟು ಕಾಯಿಸಿದರೂ ಮರೆಯದ ಪಟ್ಟಿ ನನಗೆ ಬೇಕಿತ್ತು. ವರ್ಷಗಟ್ಟಲೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಕೊನೆಗೆ ಒಂದೇ ಒಂದು ಪಟ್ಟಿ ಗೆದ್ದಿತು. ಖುಷಿ ತಡೆಯಲಾಗದೆ ಹನೂರಿನ ಮನೆಗೆ ಒಯ್ದು, ಬಗ್ಗಿಸಿ, ಕುದಿಯುವ ನೀರಿಗೆ ಬಿಟ್ಟು ಅವ್ವನಿಗೆ ತೋರಿಸಿದೆ. ಪಟ್ಟಿ ನೆಟ್ಟಗಾಯಿತು, ಅವ್ವ ಕೈ ಮುಗಿದಳು. ಕಾಲೇಜಿನಲ್ಲಿ ಕಳೆದುಹೋದೀತೆಂದು ಅದನ್ನು ಮನೆಯ ಬೀರುವಿನಲ್ಲೇ ಇಟ್ಟು ಬಂದೆ.

ಅಷ್ಟರಲ್ಲಿ ಪರೀಕ್ಷಕರು ಆ ಪಟ್ಟಿಯನ್ನೇ ಕೇಳಿದರು. ಸೂಕ್ಷ್ಮದರ್ಶಕದಲ್ಲಿ ತಾವೇ ನೋಡದೆ ಪ್ರಬಂಧ ಒಪ್ಪುವುದಿಲ್ಲವಂತೆ. ಓಡಿ ಬಂದು ಬೀರು ತೆಗೆದರೆ ಡಬ್ಬಿ ಖಾಲಿ.

"ಮಾದಪ್ಪನ ಹುಂಡಿಗಾಕ್ಬುಟ್ಟು ಬಂದೆ ಕಣವ್ವ. ಅರಕೆ ಒತ್ತಿದ್ದೆ," ಎಂದಳು ಅವ್ವ ತಣ್ಣಗೆ.

ಕಣ್ಣುನೋವು ವಾಸಿಯಾದವರು ಬೆಳ್ಳಿಯ ಕಣ್ಣು ಒಪ್ಪಿಸುವುದಿಲ್ಲವೇ? ಹಾಗೆಯೇ ಮಗಳ ಪಟ್ಟಿ ನೆಟ್ಟಗಾದರೆ ಪಟ್ಟಿಯನ್ನೇ ಒಪ್ಪಿಸುತ್ತೇನೆಂದು ಹೇಳಿಕೊಂಡಿದ್ದಳಂತೆ. ಹಣೆ ಹಣೆ ಚಚ್ಚಿಕೊಂಡೆ. ಬಸ್ಸು ಹತ್ತಿ ಮಾದಪ್ಪನ ಬೆಟ್ಟಕ್ಕೇ ಹೋದೆ. ಅಲ್ಲಿಯವರು ಕೂರಿಸಿ, ಕಾಫಿ ಕೊಟ್ಟು, ಹುಂಡಿಗೆ ಬಿದ್ದದ್ದು ದೇವರದು ತಾಯಿ ಎಂದರು. ಹೌದಪ್ಪಾ, ದೇವರದು. ಆ ದೇವರಿಗೆ ಅದನ್ನು ಇಟ್ಟುಕೊಂಡು ಏನಾಗಬೇಕಿತ್ತು? ನನ್ನ ಗೈಡ್‌ಗೆ ಫೋನ್ ಮಾಡಿ "ಹುಂಡಿಯಲ್ಲಿದೆ ಸರ್" ಅನ್ನುವಾಗ ನಾಚಿಕೆಯಿಂದ ಅಳುವೇ ಬಂತು. ಅವರು ಬೈಯಲೂ ಇಲ್ಲ. ಇನ್ನೊಂದು ಮಾಡಿ ಕಳಿಸು, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ ಎಂದರು.

ಮಾಡಿದೆ. ಅದೇ ತೂಕ, ಅದೇ ಕುಲುಮೆ, ಕೆಂಪಗೆ ಕಾದದ್ದನ್ನು ಹಾಗೆಯೇ ತಣ್ಣೀರಿಗೆ ಅದ್ದಿದ್ದೂ ಅದೇ ರೀತಿ. ಏನು ಮಾಡಿದರೂ ಬರಲಿಲ್ಲ. ಪರೀಕ್ಷಕರು ಕೊಟ್ಟ ಗಡುವಿನ ಹಿಂದಿನ ಭಾನುವಾರ, ಕೊನೆಯದಾಗಿ ಮಾಡಿದ್ದನ್ನು ಅವ್ವನ ಒಲೆಯ ಮುಂದೆಯೇ ಬಿಸಿನೀರಿಗೆ ಬಿಟ್ಟೆ. ಅರ್ಧ ಎದ್ದು ಅಲ್ಲೇ ನಿಂತುಬಿಟ್ಟಿತು, ಹಟಮಾರಿ ಮುಂಡೇದು.

ಅವ್ವ ಪಾತ್ರೆಯೊಳಗೆ ಬಗ್ಗಿ ನೋಡಿ, ಅಳುಕುತ್ತ ಕೇಳಿದಳು, "ಇದ್ಕೂ ಅರಕೆ ಒತ್ಕಳನೇನವ್ವ?"

ಇಷ್ಟು ಓದಿದವಳು ಬೇಡ ಅನ್ನಬೇಕಿತ್ತು.

"ಒತ್ಕೊ," ಎಂದೆ. "ಪಟ್ಟಿ ಕೊಡ್ತೀನಿ ಅಂತ ಮಾತ್ರ ಅನ್ಬ್ಯಾಡ. ಮಗಳ ಮುಡಿ ಕೊಡಿಸ್ತೀನಿ ಅನ್ನು."