ಒಳಗೆ ಬಿಟ್ಟ ಬಟ್ಟೆ

ತಮಿಳುನಾಡಿನ ಕಂಬಂ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮನೆ ಜಗಲಿಯ ಮೇಲೆ ಮೆಷಿನ್ ಹಾಕಿಕೊಂಡು ಆಕೆ ರವಿಕೆ ಹೊಲಿಯುತ್ತಿದ್ದರು. ನಮಗೆಲ್ಲ ಟೈಲರಕ್ಕ. ದ್ರಾಕ್ಷಿ ತೋಟದ ಹೆಂಗಸರು ಬಂದರೆ ತಮಿಳು, ನಾವು ಹೋದರೆ ಕನ್ನಡ. ತುಟಿಯಲ್ಲಿ ಸದಾ ಎರಡು ಗುಂಡುಪಿನ್ನು ಕಚ್ಚಿರುತ್ತಿದ್ದರು. ಹೊಲಿದ ರವಿಕೆಯನ್ನು ತಿರುವಿ, ಪಕ್ಕದ ಹೊಲಿಗೆಯನ್ನು ಹೆಬ್ಬೆರಳಲ್ಲಿ ಒತ್ತಿ ತೋರಿಸಿಯೇ ಕೊಡುತ್ತಿದ್ದರು: "ಒಳಗೆ ಬಟ್ಟೆ ಬುಟ್ಟೀನಿ, ತಾಯಿ." ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಲಿ ಅಂತ.

ಅವ್ವ ಕಾಯಿಲೆ ಬಿದ್ದು ಕಡ್ಡಿಯಂತಾದಾಗ ಅವಳ ನೀಲಿ ರವಿಕೆ ಒಯ್ದೆ. "ಎರಡು ಕಡೇನೂ ಹಿಡಿದ್ಕೊಡಿ ಅಕ್ಕಾ. ಮಿಕ್ಕಿದ್ದು ಕತ್ತರಿಸ್ಬುಡಿ, ಅವ್ವಂಗೆ ಚುಚ್ತದೆ" ಅಂದೆ. ಹಿಡಿದರು, ಆದರೆ ಕತ್ತರಿಸಲಿಲ್ಲ. ನಾನು ರೇಗಿದೆ. ಅವರು ಮಿಕ್ಕ ಬಟ್ಟೆಯನ್ನು ಮಡಚಿ, ಕೈಯಲ್ಲೇ ಮೆತ್ತಗೆ ಹೊಲಿದು, "ಚುಚ್ಚಕ್ಕಿಲ್ಲ. ಒಳಗೆ ಬಟ್ಟೆ ಬುಟ್ಟೀನಿ" ಅಂದರು.

ಒಂದೂವರೆ ವರ್ಷದ ಮೇಲೆ ಅದೇ ರವಿಕೆ ಹಿಡಿದುಕೊಂಡು ಅವ್ವ ತಾನೇ ಆ ಜಗಲಿ ಹತ್ತಿದಳು. "ಏನಕ್ಕಾ ಹಿಂಗೆ ಹೊಲ್ದಿದೀರಾ? ಉಸ್ರು ಬುಡಕ್ಕಾಗಲ್ಲ, ಅಷ್ಟು ಬಿಗಿ!" ಎಂದು ಜಗಳಕ್ಕೇ ನಿಂತಳು.

ಟೈಲರಕ್ಕ ತುಟಿಯ ಪಿನ್ನು ತೆಗೆದಿಟ್ಟು, ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದರು. ಹೊರಗಿನ ಬಣ್ಣ ಮಾಸಿತ್ತು; ಒಳಗಿದ್ದ ನೀಲಿ ಹೊಚ್ಚ ಹೊಸದಾಗಿತ್ತು.